ಯೋಗಾಭ್ಯಾಸ ಮತ್ತು ಸ್ತ್ರೀಯರ ಥೈರಾಯ್ಡ್: ಪುರಾವೆ ಏನು ಹೇಳುತ್ತದೆ?

ಜೂನ್ ತಿಂಗಳು ಸಮೀಪಿಸಿದಂತೆ ಡ್ಯಾಲಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ನಗರಗಳ ಕನ್ನಡ ಕುಟುಂಬಗಳಲ್ಲಿ ಯೋಗಶಿಬಿರಗಳ ಆಹ್ವಾನಗಳು ಓಡಾಡತೊಡಗುತ್ತವೆ. 2015ರಿಂದ ಜೂನ್ 21 ಅಂತಾರಾಷ್ಟ್ರೀಯ ಯೋಗದಿನವಾಗಿ ಆಚರಣೆಗೆ ಬಂದ ಮೇಲೆ ದೇವಸ್ಥಾನದ ಸಭಾಂಗಣಗಳಲ್ಲಿ, ಬಡಾವಣೆಯ ಉದ್ಯಾನಗಳಲ್ಲಿ ನೂರಾರು ಜನ ಒಟ್ಟಿಗೆ ಸೂರ್ಯನಮಸ್ಕಾರ ಮಾಡುವ ದೃಶ್ಯ ಟೆಕ್ಸಸ್ಸಿನಲ್ಲಿ ಅಪರೂಪವಲ್ಲ. ಇದು ಸಂತೋಷದ ಸಂಗತಿ. ನಾನೂ ಅಂಥ ಸಾಲುಗಳಲ್ಲಿ ಚಾಪೆ ಹಾಸಿ ನಿಂತಿದ್ದೇನೆ. ಆದರೆ ಈಚಿನ ವರ್ಷಗಳಲ್ಲಿ ಈ ಆಹ್ವಾನಗಳ ನಡುವೆ ಒಂದು ಹೊಸ ಭರವಸೆ ಸೇರಿಕೊಂಡಿದೆ: ಇಂತಿಷ್ಟು ವಾರ ಯೋಗ ಮಾಡಿ, ಥೈರಾಯ್ಡ್ ಗುಳಿಗೆಯಿಂದ ಬಿಡುಗಡೆ ಹೊಂದಿ.

ಡ್ಯಾಲಸ್ ಪರಿಸರದಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನನ್ನ ಬಳಿಗೆ ಈ ಭರವಸೆಯನ್ನು ನಂಬಿದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತೇನೆ. ವಯಸ್ಸು ಮೂವತ್ತು ದಾಟಿತ್ತು. ಆಸ್ಟಿನ್ನಿನಲ್ಲಿ ತಂತ್ರಾಂಶದ ಕೆಲಸ. ಐದಾರು ವರ್ಷಗಳಿಂದ ಪ್ರತಿದಿನ ಲೆವೊಥೈರಾಕ್ಸಿನ್ ಸೇವಿಸುತ್ತಿದ್ದವಳು ಒಂದು ಶಿಬಿರ ಮುಗಿಸಿದ ಮೇಲೆ ಗುಳಿಗೆ ನಿಲ್ಲಿಸಿದ್ದಳು. ಮೊದಲ ಎರಡು ವಾರ ದೇಹ ಹಗುರವಾಗಿತ್ತು, ನಿದ್ರೆ ಚೆನ್ನಾಗಿತ್ತು. ಯೋಗ ಫಲಿಸಿತೆಂದು ಅವಳಿಗೆ ಖಚಿತವಾಯಿತು. ಮೂರು ತಿಂಗಳ ನಂತರ ಅಕ್ಕನ ಒತ್ತಾಯಕ್ಕೆ ನನ್ನಲ್ಲಿಗೆ ಬಂದಾಗ ಅವಳು ಎಂಟು ವಾರಗಳ ಗರ್ಭಿಣಿ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇರಬೇಕಾದ ಮಿತಿಯನ್ನು ಹಲವು ಪಟ್ಟು ಮೀರಿತ್ತು. "ನಾನು ತಪ್ಪು ಮಾಡಿದೆನಾ ಡಾಕ್ಟ್ರೇ? ಒಳ್ಳೆಯದಾಗಲಿ ಅಂತಲೇ ಬಿಟ್ಟಿದ್ದು" ಎಂದಳು. ಆ ಪ್ರಶ್ನೆಗೆ ಅಂದು ನಾನು ಸಮಾಧಾನದ ಎರಡು ಮಾತು ಹೇಳಿ ಔಷಧ ಬರೆದುಕೊಟ್ಟೆ. ಸರಿಯಾದ ಉತ್ತರವನ್ನು ಇಲ್ಲಿ ಕೊಡಲು ಪ್ರಯತ್ನಿಸುತ್ತೇನೆ.

ಗ್ರಂಥಿಯೂ ಗುಳಿಗೆಯೂ

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕುಳಿತಿರುವ ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ (ಟಿ4) ಮತ್ತು ಟಿ3 ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ದೇಹದ ಬಹುತೇಕ ಎಲ್ಲ ಜೀವಕೋಶಗಳ ಕೆಲಸದ ವೇಗ ಇವುಗಳಿಗೆ ಅಧೀನ. ಇವು ಕಡಿಮೆಯಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಚೋದಕವನ್ನು ಹೆಚ್ಚು ಹೆಚ್ಚಾಗಿ ಕಳಿಸುತ್ತದೆ. ಆದುದರಿಂದ ಟಿಎಸ್‌ಎಚ್ ಏರಿದೆಯೆಂದರೆ ಥೈರಾಯ್ಡ್ ಸೋಲುತ್ತಿದೆ ಎಂದು ಅರ್ಥ. ಇದೇ ಹೈಪೋಥೈರಾಯ್ಡಿಸಂ.

ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಥೈರಾಯ್ಡ್ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುತ್ತಿದ್ದುದು ಮಲೆನಾಡಿನ ಗಳಗಂಡ. ಅಯೋಡಿನ್ ಕೊರತೆ ಅದರ ಮೂಲ. ಅಯೋಡಿನ್ ಬೆರೆಸಿದ ಉಪ್ಪಿನಿಂದ ಅದು ಬಹುಮಟ್ಟಿಗೆ ಹಿಮ್ಮೆಟ್ಟಿತು. ಇಂದು ಟೆಕ್ಸಸ್ಸಿನಲ್ಲಿ ನಾನು ಕಾಣುವುದು ಬೇರೆ ಕಾಯಿಲೆ. 1912ರಲ್ಲಿ ಜಪಾನಿನ ಹಕರು ಹಶಿಮೊಟೊ ವರ್ಣಿಸಿದ, ಅವರ ಹೆಸರನ್ನೇ ಹೊತ್ತ ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ಹೊರಗಿನ ಶತ್ರುವೆಂದು ಭಾವಿಸಿ ವರ್ಷಗಟ್ಟಲೆ ಸವೆಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹಲವು ಪಟ್ಟು ಹೆಚ್ಚು. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳ ಐದು ಸಾವಿರಕ್ಕೂ ಮಿಕ್ಕಿದ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಶೇಕಡ 11 ಮಂದಿಗೆ ಹೈಪೋಥೈರಾಯ್ಡಿಸಂ ಇತ್ತು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ತಮಗೆ ಕಾಯಿಲೆಯಿದೆ ಎಂಬುದೇ ತಿಳಿದಿರಲಿಲ್ಲ.

ಇದರ ಚಿಕಿತ್ಸೆ ವೈದ್ಯಶಾಸ್ತ್ರದ ಹಳೆಯ ಗೆಲುವುಗಳಲ್ಲೊಂದು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಜಾರ್ಜ್ ಮರ್ರೇ ಎಂಬ ವೈದ್ಯರು ಥೈರಾಯ್ಡ್ ಸೋತು ಹಾಸಿಗೆ ಹಿಡಿಯುವ ಸ್ಥಿತಿಯಲ್ಲಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟರು. ಆಕೆ ಇನ್ನೂ 28 ವರ್ಷ ಬಾಳಿ 1919ರಲ್ಲಿ ತೀರಿಕೊಂಡರು. ಇಂದಿನ ಲೆವೊಥೈರಾಕ್ಸಿನ್ ಗುಳಿಗೆ ಆ ಕುರಿಯ ಸಾರದ ಶುದ್ಧ ಉತ್ತರಾಧಿಕಾರಿ. ಅದು ನಮ್ಮ ಗ್ರಂಥಿ ತಯಾರಿಸುವ ಹಾರ್ಮೋನೇ ಹೊರತು ದೇಹಕ್ಕೆ ಅಪರಿಚಿತವಾದ ರಾಸಾಯನಿಕವಲ್ಲ.

ಈ ಹಾರ್ಮೋನು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಗುಳಿಗೆ ಬಿಟ್ಟವರಿಗೆ ಮೊದಲ ಒಂದೆರಡು ವಾರ ಏನೂ ಆಗದಂತೆ ಕಾಣುವುದು ಇದರಿಂದಲೇ. ಆಸ್ಟಿನ್ನಿನ ಹೆಣ್ಣುಮಗಳು ಯೋಗದ ಫಲವೆಂದು ತಿಳಿದ ಹಗುರದಲ್ಲಿ ಹಿಂದಿನ ತಿಂಗಳ ಗುಳಿಗೆಗಳ ಪಾಲೂ ಇತ್ತು.

ಸರ್ವಾಂಗಾಸನದ ನಂಬಿಕೆ

ಯೋಗಕ್ಕೂ ಥೈರಾಯ್ಡಿಗೂ ಗಂಟು ಹಾಕಿದವರಾರು? ಹಠಯೋಗದ ಹಳೆಯ ಗ್ರಂಥಗಳಲ್ಲಿ ಜಾಲಂಧರಬಂಧವಿದೆ, ವಿಪರೀತಕರಣಿಯಿದೆ. ಆದರೆ ಥೈರಾಯ್ಡ್ ಇಲ್ಲ. ಹಾರ್ಮೋನ್ ಎಂಬ ಪದವೇ ಬಳಕೆಗೆ ಬಂದದ್ದು 1905ರಲ್ಲಿ. ಲೋನಾವಳದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಆಸನಗಳನ್ನು ಆಧುನಿಕ ಶರೀರಶಾಸ್ತ್ರದ ಭಾಷೆಯಲ್ಲಿ ವಿವರಿಸಲು ಹೊರಟಾಗ ಸರ್ವಾಂಗಾಸನವನ್ನು ಥೈರಾಯ್ಡಿನೊಂದಿಗೆ ಜೋಡಿಸಿದರು. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಶಿಷ್ಯರಾಗಿ ಬೆಳೆದ ಬಿ. ಕೆ. ಎಸ್. ಅಯ್ಯಂಗಾರ್ಯರು 1966ರಲ್ಲಿ ಪ್ರಕಟಿಸಿದ 'ಲೈಟ್ ಆನ್ ಯೋಗ' ಕೃತಿಯಲ್ಲಿ, ಗಲ್ಲವನ್ನು ಎದೆಗೆ ಒತ್ತುವುದರಿಂದ ಈ ಗ್ರಂಥಿಗೆ ರಕ್ತಸಂಚಾರ ಹೆಚ್ಚುತ್ತದೆಂದು ಬರೆದರು. ಆ ಪುಸ್ತಕದ ಮೂಲಕ ಈ ಮಾತು ಜಗತ್ತನ್ನೆಲ್ಲ ಸುತ್ತಿ ಟೆಕ್ಸಸ್ಸಿನ ಯೋಗಶಾಲೆಗಳನ್ನೂ ತಲುಪಿತು.

ಅವರ ಕಾಲಕ್ಕೆ ಇದು ಯುಕ್ತವಾದ ಊಹೆ. ಆದರೆ ಥೈರಾಯ್ಡ್ ರಕ್ತದ ಕೊರತೆಯಿಂದ ಬಳಲುವ ಅಂಗವಲ್ಲ. ತೂಕಕ್ಕೆ ಹೋಲಿಸಿದರೆ ದೇಹದಲ್ಲೇ ಅತಿ ಹೆಚ್ಚು ರಕ್ತ ಪಡೆಯುವ ಅಂಗಗಳಲ್ಲಿ ಅದೂ ಒಂದು. ಹಶಿಮೊಟೊ ರೋಗದಲ್ಲಿ ಸವೆದುಹೋಗಿರುವುದು ಹಾರ್ಮೋನು ತಯಾರಿಸುವ ಜೀವಕೋಶಗಳು. ನೆಯ್ಗೆಯವರೇ ಇಲ್ಲದ ಮಗ್ಗಕ್ಕೆ ನೂಲನ್ನು ಎಷ್ಟು ಸುರಿದರೂ ಬಟ್ಟೆ ಬರದು.

ಇನ್ನೊಂದು ವಾದವೂ ಪ್ರಚಾರದಲ್ಲಿದೆ: ಯೋಗ ಮನಸ್ಸಿನ ಒತ್ತಡ ತಗ್ಗಿಸುತ್ತದೆ, ಒತ್ತಡ ತಗ್ಗಿದರೆ ಟಿಎಸ್‌ಎಚ್ ಇಳಿಯುತ್ತದೆ. ಆದರೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅತಿಯಾದಾಗ ಟಿಎಸ್‌ಎಚ್ ಅನ್ನು ಅದುಮುತ್ತದೆ, ಏರಿಸುವುದಿಲ್ಲ. ಕಾರ್ಟಿಸಾಲ್ ಇಳಿಸಿ ಟಿಎಸ್‌ಎಚ್ ಇಳಿಸುತ್ತೇವೆ ಎಂಬ ಸರಳ ಸೂತ್ರ ಶರೀರಶಾಸ್ತ್ರಕ್ಕೆ ಹೊಂದುವುದಿಲ್ಲ.

ಬೆಂಗಳೂರಿನ ಅಧ್ಯಯನ

ಊಹೆಗಳನ್ನು ಬದಿಗಿಟ್ಟು ಮಾಪನಗಳಿಗೆ ಬರೋಣ. ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿಯಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ, ಅಂದರೆ ಎಸ್-ವ್ಯಾಸ, ಯೋಗವನ್ನು ಪ್ರಯೋಗಾಲಯದ ಕಟ್ಟಿಗೆ ಒಳಪಡಿಸಿದ ಸಂಸ್ಥೆಗಳಲ್ಲಿ ಮುಖ್ಯವಾದುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಇಂಜಿನಿಯರಾಗಿದ್ದ ಎಚ್. ಆರ್. ನಾಗೇಂದ್ರ ಮತ್ತು ವೈದ್ಯೆ ಆರ್. ನಾಗರತ್ನ ಅದನ್ನು ಬೆಳೆಸಿದವರು. ಈ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಹೈಪೋಥೈರಾಯ್ಡಿಸಂ ಇದ್ದ, 30ರಿಂದ 40 ವರ್ಷ ವಯಸ್ಸಿನ 22 ಗೃಹಿಣಿಯರು 6 ತಿಂಗಳ ಕಾಲ ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆ ಯೋಗಾಭ್ಯಾಸ ಮಾಡಿದರು.

ಫಲಿತಾಂಶಗಳಲ್ಲಿ ಉತ್ತೇಜಕವಾದವು ಇವೆ. ಒಟ್ಟು ಕೊಲೆಸ್ಟರಾಲ್, ಕೆಟ್ಟ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಇಳಿದವು. ಥೈರಾಕ್ಸಿನ್ ಔಷಧದ ಪ್ರಮಾಣ ಸರಾಸರಿ ಶೇಕಡ 15ರಷ್ಟು ತಗ್ಗಿತು. ಟಿಎಸ್‌ಎಚ್ ಶೇಕಡ 9.72 ಇಳಿಯಿತಾದರೂ ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಅಲ್ಪವೆಂದು ಸಂಖ್ಯಾಶಾಸ್ತ್ರೀಯ ಲೆಕ್ಕ ಹೇಳಿತು. ಲೇಖಕರು ಇದನ್ನು ಪ್ರಾಮಾಣಿಕವಾಗಿ ನಮೂದಿಸಿ, ತಮ್ಮದು ಪ್ರಾಯೋಗಿಕ ಪ್ರಾಥಮಿಕ ಅಧ್ಯಯನವೆಂದು ಶೀರ್ಷಿಕೆಯಲ್ಲೇ ಹೇಳಿದ್ದಾರೆ. ಆಹ್ವಾನಪತ್ರಗಳು ಮಾತ್ರ ಈ ಎಚ್ಚರಿಕೆಯನ್ನು ಕೈಬಿಟ್ಟಿವೆ.

ಶೇಕಡ 15 ಎಂದರೆ ಎಷ್ಟು? ದಿನಕ್ಕೆ 100 ಮೈಕ್ರೋಗ್ರಾಂ ಸೇವಿಸುವವರಿಗೆ 85 ಸಾಕಾಯಿತು ಎಂದು. ಅಮೆರಿಕದ ಔಷಧದಂಗಡಿಯಲ್ಲಿ 100ರ ಗುಳಿಗೆಯ ಕೆಳಗಿನ ಮೆಟ್ಟಿಲು 88ರದು. ಅಧ್ಯಯನದ ಅತ್ಯಂತ ಆಶಾದಾಯಕ ಅಂಕಿಯನ್ನು ಹಾಗೆಯೇ ಒಪ್ಪಿಕೊಂಡರೂ ನಾವು ಸರಿಸುಮಾರು ಒಂದು ಮೆಟ್ಟಿಲು ಇಳಿದಿರುತ್ತೇವೆ. ಗುಳಿಗೆ ಬಿಡುವ ಮಾತು ಅಲ್ಲಿಲ್ಲ. ಆ ಒಂದು ಮೆಟ್ಟಿಲಿಗೂ ಬೇರೆ ಕಾರಣಗಳಿರಬಹುದು. ತೂಕ ಇಳಿದರೆ ಥೈರಾಕ್ಸಿನ್ ಬೇಡಿಕೆ ಇಳಿಯುತ್ತದೆ. ಮೊದಲು ಕೊಡುತ್ತಿದ್ದ ಪ್ರಮಾಣವೇ ತುಸು ಹೆಚ್ಚಾಗಿದ್ದಿರಬಹುದು. ಅಧ್ಯಯನದಲ್ಲಿರುವಾಗ ಗುಳಿಗೆಯನ್ನು ಹೆಚ್ಚು ಶಿಸ್ತಿನಿಂದ ನುಂಗಿರಬಹುದು. ಇವನ್ನು ಬೇರ್ಪಡಿಸಲು ಯೋಗ ಮಾಡದ, ಉಳಿದೆಲ್ಲದರಲ್ಲೂ ಸಮಾನವಾದ ಇನ್ನೊಂದು ಗುಂಪು ಬೇಕಿತ್ತು. ಅದು ಇರಲಿಲ್ಲ.

ತಾನಾಗಿ ಇಳಿಯುವ ಅಂಕಿ

ಹೋಲಿಕೆಯ ಗುಂಪು ಏಕಿಷ್ಟು ಮುಖ್ಯವೆಂಬುದಕ್ಕೆ ಯೂರೋಪಿನ ಪ್ರಯೋಗವೊಂದು ಒಳ್ಳೆಯ ಸಾಕ್ಷಿ. ಟಿಎಸ್‌ಎಚ್ ಸ್ವಲ್ಪ ಏರಿದ್ದ, 65 ದಾಟಿದ 737 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಲೆವೊಥೈರಾಕ್ಸಿನ್, ಇನ್ನೊಂದು ಪಾಲಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಡಲಾಯಿತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರಂಭದಲ್ಲಿ ಒಟ್ಟು ಸರಾಸರಿ 6.40 ಇದ್ದ ಟಿಎಸ್‌ಎಚ್, ಹುಸಿಗುಳಿಗೆ ಪಡೆದವರಲ್ಲಿ ಒಂದು ವರ್ಷಕ್ಕೆ 5.48ಕ್ಕೆ ಇಳಿದಿತ್ತು. ಯೋಗವಿಲ್ಲದೆ, ಔಷಧವಿಲ್ಲದೆ ಸುಮಾರು ಶೇಕಡ 14ರ ಇಳಿಕೆ!

ಈ ವೃದ್ಧರನ್ನೂ ಬೆಂಗಳೂರಿನ ಗೃಹಿಣಿಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವರು ಔಷಧ ಕಾಣದವರು, ಇವರು ಔಷಧ ಸೇವಿಸುತ್ತಿದ್ದವರು. ಆದರೂ ಪಾಠ ಸ್ಪಷ್ಟವಾಗಿದೆ. ಟಿಎಸ್‌ಎಚ್ ಸ್ಥಿರವಾದ ಅಂಕಿಯಲ್ಲ. ರಾತ್ರಿ ಏರುತ್ತದೆ, ಹಗಲು ಇಳಿಯುತ್ತದೆ, ಜ್ವರ ಬಂದು ಹೋದ ಮೇಲೆ ಏರುಪೇರಾಗುತ್ತದೆ. ಏರಿದ ದಿನ ಅಳೆದು ರೋಗಿಯೆಂದು ಗುರುತಿಸಿದವರನ್ನು ಮತ್ತೆ ಅಳೆದಾಗ ಸರಾಸರಿ ಇಳಿದೇ ಇರುತ್ತದೆ. ಆಷಾಢದ ನೆರೆಯಲ್ಲಿ ತುಂಗೆಯ ಮಟ್ಟ ಅಳೆದು, ಪೂಜೆ ಮಾಡಿ, ಕಾರ್ತಿಕದಲ್ಲಿ ಮತ್ತೆ ಅಳೆದರೆ ಪೂಜೆ ಫಲಿಸಿದಂತೆಯೇ ಕಾಣುತ್ತದೆ. ಹೆರಿಗೆಯ ನಂತರ ಕೆಲವರಲ್ಲಿ ಬರುವ ಥೈರಾಯ್ಡ್ ಉರಿಯೂತವೂ ಅನೇಕ ವೇಳೆ ವರ್ಷದೊಳಗೆ ತಾನೇ ವಾಸಿಯಾಗುತ್ತದೆ. ಆ ಅವಧಿಯಲ್ಲಿ ಬಾಣಂತಿ ಏನು ಮಾಡುತ್ತಿದ್ದಳೋ ಅದಕ್ಕೇ ಕೀರ್ತಿ ಸಲ್ಲುತ್ತದೆ.

ಪರೀಕ್ಷೆಯನ್ನೇ ದಾರಿ ತಪ್ಪಿಸುವ ವಸ್ತುಗಳೂ ಇವೆ. ಕೂದಲು ಉದುರುತ್ತದೆಂದು ನಮ್ಮ ಹೆಣ್ಣುಮಕ್ಕಳು ಸೇವಿಸುವ ಬಯೋಟಿನ್, ಹಲವು ಪ್ರಯೋಗಾಲಯಗಳ ವಿಧಾನದಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಯೋಗಾಲಯದ ಪರೀಕ್ಷೆಗಳನ್ನು ಬಯೋಟಿನ್ ಹೀಗೆ ಕೆಡಿಸುವ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಎಚ್ಚರಿಸಿದೆ. ಯೋಗದ ಜೊತೆಗೆ ಅಶ್ವಗಂಧ ಸೇವಿಸುವವರಲ್ಲಿ ಹಾರ್ಮೋನು ನಿಜವಾಗಿಯೇ ಏರಬಹುದು. ಅದು ಅತಿಯಾಗಿ ಎದೆಬಡಿತ ಹೆಚ್ಚಿದವರ ವರದಿಗಳೂ ಇವೆ.

ಕಾಫಿಯ ಲೋಟ

ಇಷ್ಟೆಲ್ಲ ಹೇಳಿದ ಮೇಲೆ, ಯೋಗ ತರಗತಿಗೆ ಸೇರಿದ ನಂತರ ನಿಜವಾಗಿಯೂ ಟಿಎಸ್‌ಎಚ್ ಸರಿಹೋದ ಒಬ್ಬರ ಕತೆಯನ್ನೂ ಹೇಳಬೇಕು. ಡ್ಯಾಲಸ್ಸಿನ ಉಪನಗರದಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು. ಎರಡು ವರ್ಷ ಔಷಧದ ಪ್ರಮಾಣ ಏರಿಸಿದರೂ ಅವರ ಟಿಎಸ್‌ಎಚ್ ಹತೋಟಿಗೆ ಬಂದಿರಲಿಲ್ಲ. ಬೆಳಗಿನ ಯೋಗಕ್ಕೆ ಹೋಗತೊಡಗಿದ ನಾಲ್ಕು ತಿಂಗಳಿಗೆ ಅದು ಮಿತಿಯೊಳಗೆ ಬಂದಿತು. ಅವರ ದಿನಚರಿ ಕೇಳಿದೆ. "ಮುಂಚೆ ಎದ್ದ ತಕ್ಷಣ ಗುಳಿಗೆ, ಅದರ ಹಿಂದೇನೇ ಫಿಲ್ಟರ್ ಕಾಫಿ. ಈಗ ಯೋಗಕ್ಕೆ ಹೊಟ್ಟೆ ಖಾಲಿ ಇರಬೇಕಲ್ಲ, ಕಾಫಿ ವಾಪಸ್ ಬಂದ ಮೇಲೆ" ಎಂದರು. ಗುಳಿಗೆಯ ಬೆನ್ನಿಗೇ ಕುಡಿದ ಕಾಫಿ ಥೈರಾಕ್ಸಿನ್ ಕರುಳಿನಲ್ಲಿ ಹೀರಿಕೊಳ್ಳುವುದನ್ನು ತಡೆಯುತ್ತದೆ. ಯೋಗ ಅವರ ಕಾಫಿಯನ್ನು ಒಂದು ಗಂಟೆ ಮುಂದೂಡಿತ್ತು. ನನ್ನ ಊಹೆಯಲ್ಲಿ ಗುಣವಾದದ್ದು ಅದರಿಂದ. ನಾನು ಎರಡು ವರ್ಷ ಕೇಳಬೇಕಾಗಿದ್ದ ಸರಳ ಪ್ರಶ್ನೆಯೊಂದನ್ನು ಕೇಳಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹತ್ತು ನಿಮಿಷದ ಭೇಟಿಯಲ್ಲಿ ಅಂಕಿ ನೋಡಿ ಪ್ರಮಾಣ ಏರಿಸುವ ವೈದ್ಯರಿಗಿಂತ, ಒಂದು ಗಂಟೆ ಹೆಸರು ಹಿಡಿದು ಮಾತನಾಡಿಸುವ ಯೋಗಗುರುವನ್ನು ಜನ ನಂಬುವುದರಲ್ಲಿ ಆಶ್ಚರ್ಯವೇನಿದೆ?

ಹ್ಯೂಸ್ಟನ್ ತೋರಿಸಿದ ದಾರಿ

ಯೋಗವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವುದು ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಉತ್ತರ ನಮ್ಮ ಟೆಕ್ಸಸ್ಸಿನಲ್ಲೇ ಇದೆ. ಹ್ಯೂಸ್ಟನ್ನಿನ ಎಂ. ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಲೊರೆಂಜೊ ಕೊಹೆನ್ ಮತ್ತು ಸಂಗಡಿಗರು ಇದೇ ಎಸ್-ವ್ಯಾಸದ ನಾಗೇಂದ್ರ, ನಾಗರತ್ನರ ಜೊತೆಗೂಡಿ, ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ಸ್ತ್ರೀಯರನ್ನು ಮೂರು ಗುಂಪು ಮಾಡಿದರು. ಪ್ರತಿ ಗುಂಪಿನಲ್ಲೂ ಐವತ್ತಕ್ಕೂ ಹೆಚ್ಚು ಮಂದಿ. ಒಂದು ಗುಂಪಿಗೆ 6 ವಾರ, ವಾರಕ್ಕೆ 3 ಬಾರಿ ಯೋಗ. ಇನ್ನೊಂದಕ್ಕೆ ಅಷ್ಟೇ ಹೊತ್ತು ಮೈಚಾಚುವ ಸರಳ ವ್ಯಾಯಾಮ. ಮೂರನೆಯದಕ್ಕೆ ಆಗ ಎರಡೂ ಇಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಯಾಸ ಯೋಗದ ಗುಂಪಿನಲ್ಲೂ ವ್ಯಾಯಾಮದ ಗುಂಪಿನಲ್ಲೂ ತಗ್ಗಿತು. ಆದರೆ ದೈನಂದಿನ ಕೆಲಸಗಳ ಸಾಮರ್ಥ್ಯ ಯೋಗದ ಗುಂಪಿನಲ್ಲೇ ಹೆಚ್ಚು ಸುಧಾರಿಸಿತು. ಕಾರ್ಟಿಸಾಲ್ ದಿನವಿಡೀ ಇಳಿಯಬೇಕಾದ ಆರೋಗ್ಯಕರ ಲಯವೂ ಅವರಲ್ಲೇ ಹೆಚ್ಚು ಸ್ಪಷ್ಟವಾಗಿತ್ತು.

ವ್ಯಾಯಾಮದ ಗುಂಪು ಇದ್ದುದರಿಂದಲೇ ಯಾವುದು ಯೋಗದ ಕೊಡುಗೆ, ಯಾವುದು ಕೇವಲ ಮೈ ಆಡಿಸಿದ್ದರ ಕೊಡುಗೆ ಎಂದು ಹೇಳಲು ಸಾಧ್ಯವಾಯಿತು. ಇದಕ್ಕಿಂತ ಗಮನಾರ್ಹ ಸಂಗತಿ ಇನ್ನೊಂದಿದೆ. ಆ ಸ್ತ್ರೀಯರಲ್ಲಿ ಯಾರಿಗೂ ಯೋಗಕ್ಕಾಗಿ ವಿಕಿರಣ ಚಿಕಿತ್ಸೆ ಬಿಡಿರೆಂದು ಹೇಳಿರಲಿಲ್ಲ. ಯೋಗ ಚಿಕಿತ್ಸೆಯ ಜೊತೆಗೆ ನಡೆಯಿತು. ಎಸ್-ವ್ಯಾಸದ ಸಂಶೋಧಕರು ಅನಂತಪುರದಲ್ಲಿ ಪಿಸಿಒಎಸ್ ಇದ್ದ 90 ಹದಿಹರೆಯದ ಹುಡುಗಿಯರ ಮೇಲೆ ನಡೆಸಿದ 12 ವಾರಗಳ ಪ್ರಯೋಗದಲ್ಲೂ ವ್ಯಾಯಾಮದ ಗುಂಪಿತ್ತು. ಅಲ್ಲಿ ಯೋಗದಿಂದ ಕೆಲವು ಹಾರ್ಮೋನುಗಳು ಹೆಚ್ಚು ಸುಧಾರಿಸಿದವೆಂದು 2013ರಲ್ಲಿ ವರದಿಯಾಯಿತು. ಹಾಗಾಗಿ ಯೋಗ ಹಾರ್ಮೋನುಗಳನ್ನು ಮುಟ್ಟಲಾರದು ಎಂದು ನಾನು ವಾದಿಸುತ್ತಿಲ್ಲ. ಥೈರಾಯ್ಡಿನ ವಿಷಯದಲ್ಲಿ ಅಂಥ ಪುರಾವೆ ಇನ್ನೂ ಕೈಗೆ ಬಂದಿಲ್ಲ ಎನ್ನುತ್ತಿದ್ದೇನೆ. ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರರಲ್ಲೂ ನಮ್ಮವರಿದ್ದಾರೆ, ಯೋಗಶಿಕ್ಷಕರಿದ್ದಾರೆ, ವೈದ್ಯರಿದ್ದಾರೆ. ಒಂದು ಗುಂಪಿಗೆ ಯೋಗ, ಒಂದಕ್ಕೆ ನಡಿಗೆ, ಯಾರು ಯಾವ ಗುಂಪೆಂದು ತಿಳಿಯದ ವೈದ್ಯರಿಂದ ಔಷಧದ ನಿರ್ಧಾರ, ಒಂದು ವರ್ಷದ ಅವಧಿ. ಶಿಬಿರಗಳಿಗೆ ಕೂಡಿಸುವ ಉತ್ಸಾಹದ ಒಂದು ಪಾಲನ್ನು ಇದಕ್ಕೆ ಕೊಟ್ಟರೂ ಸಾಕು.

ಅಲ್ಲಿಯವರೆಗೆ

ಯೋಗ ಮಾಡಿರಿ. ಥೈರಾಯ್ಡ್ ಇರುವವರನ್ನು ಕಾಡುವ ಆಯಾಸ, ನಿದ್ರಾಹೀನತೆ, ಖಿನ್ನತೆ, ಏರುವ ತೂಕ ಇವುಗಳಿಗೆ ಅದು ನೆರವಾಗಬಲ್ಲದು, ಅದು ಸಣ್ಣ ಲಾಭವಲ್ಲ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಗ್ಲಾಕೋಮಾ ಅಥವಾ ಕುತ್ತಿಗೆಯ ಮೂಳೆಸವೆತ ಇರುವವರು ಸರ್ವಾಂಗಾಸನ ಬಿಡುವುದು ಕ್ಷೇಮ. ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡುವು ಕೊಡಿ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೆ 4 ಗಂಟೆಯ ಅಂತರವಿರಲಿ. ಟೆಕ್ಸಸ್ಸಿನ ಬೇಸಗೆಯಲ್ಲಿ ಕಾರಿನೊಳಗೆ ಔಷಧ ಇಡಬೇಡಿ. ಬಯೋಟಿನ್ ಸೇವಿಸುವವರು ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ. ಪ್ರಮಾಣ ಇಳಿಸಬೇಕೆನಿಸಿದರೆ ವೈದ್ಯರೊಂದಿಗೆ ಮಾತನಾಡಿ ಇಳಿಸಿ, 6ರಿಂದ 8 ವಾರಕ್ಕೆ ಮತ್ತೆ ರಕ್ತಪರೀಕ್ಷೆ ಮಾಡಿಸಿ.

ಮಗುವಿನ ನಿರೀಕ್ಷೆಯಲ್ಲಿರುವವರಿಗೆ ಈ ಮಾತು ಇನ್ನೂ ಗಂಭೀರ. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ತನ್ನದೇ ಥೈರಾಕ್ಸಿನ್ ಇರುವುದಿಲ್ಲ. ಮಿದುಳು ರೂಪುಗೊಳ್ಳುವ ಆ ಕಾಲದಲ್ಲಿ ಅದು ತಾಯಿಯ ಹಾರ್ಮೋನನ್ನೇ ಅವಲಂಬಿಸುತ್ತದೆ. ಔಷಧ ಸೇವಿಸುವ ತಾಯಿಗೆ ಆಗ ಬೇಕಾಗುವುದು ಹೆಚ್ಚಿನ ಪ್ರಮಾಣ. ಗರ್ಭ ನಿಂತಿದೆಯೆಂದು ತಿಳಿದ ದಿನವೇ ವೈದ್ಯರಿಗೆ ಕರೆಮಾಡಬೇಕು.

ಆಸ್ಟಿನ್ನಿನ ಆ ಹೆಣ್ಣುಮಗಳು ಅಂದೇ ಗುಳಿಗೆ ಮರಳಿ ಆರಂಭಿಸಿದಳು. ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ ನಡೆಯಿತು. ಮಗು ದಿನ ತುಂಬಿ ಹುಟ್ಟಿತು, ಈಗ ಅಂಬೆಗಾಲಿಡುತ್ತಿದೆ. ಅವಳು ಯೋಗ ಬಿಟ್ಟಿಲ್ಲ, ಬಿಡೆಂದು ನಾನು ಹೇಳಿಯೂ ಇಲ್ಲ. ಕಳೆದ ಸಲ ಬಂದಾಗ ಮಗುವಿನ ಪ್ರತಿಯೊಂದು ಬೆಳವಣಿಗೆಯನ್ನೂ ದಿನಾಂಕ ಹಾಕಿ ಬರೆದಿಟ್ಟುಕೊಂಡಿದ್ದ ಪುಸ್ತಕ ತೋರಿಸಿದಳು. ತಲೆ ನಿಂತದ್ದು, ಮಗುಚಿಕೊಂಡದ್ದು, ಮೊದಲ ಶಬ್ದ. "ಎಲ್ಲ ಸರಿಯಾಗಿದೆ ತಾನೆ?" ಎಂದು ಮತ್ತೆ ಕೇಳಿದಳು. ಎಲ್ಲವೂ ಸರಿಯಾಗಿದೆ. ಆದರೆ ಯಾವ ತಾಯಿಯೂ ಈ ಲೆಕ್ಕವನ್ನು ಹೀಗೆ ಹೆದರಿಕೆಯಿಂದ ಇಡುವಂತಾಗಬಾರದು. ಶಿಬಿರದ ಆಹ್ವಾನ ಬರೆಯುವವರು ಗುಳಿಗೆಯ ಮಾತನ್ನು ಅಳಿಸಿ, ಉಳಿದದ್ದನ್ನು ಹಾಗೆಯೇ ಇಟ್ಟುಕೊಂಡರೆ ನಾನೂ ಚಾಪೆ ಹಿಡಿದು ಬರುತ್ತೇನೆ.